ಮಳೆ ತಾರದ ಗಾಳಿಗೆ ನೀರೆತ್ತುವ ಕೆಲಸ

ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಏಳುವ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗಲೇ ಹೊತ್ತು ತಂದ ನೀರನ್ನು ಬಹುಮಟ್ಟಿಗೆ ಕೊಯ್ನಾ, ಮಹಾಬಳೇಶ್ವರದ ಕಾಡುಗಳ ಮೇಲೆ ಸುರಿದುಬಿಡುತ್ತದೆ. ಘಟ್ಟ ದಾಟಿ ಸುಮಾರು ನೂರೈವತ್ತು ಕಿಲೋಮೀಟರ್ ಪೂರ್ವಕ್ಕೆ ಸರಿದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ವೇಗ ಮಾತ್ರ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಇಲ್ಲಿ ಐನೂರರ ಆಸುಪಾಸು, ಅದೂ ನಂಬುವ ಹಾಗಿಲ್ಲ. ತಾಲ್ಲೂಕಿನ ಪೂರ್ವ ಭಾಗದ ಉಟಗಿ, ಉಮದಿ, ಸಂಖ, ಮಾಡಗ್ಯಾಳದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಬರ ಮಾತ್ರ ಎರಡೂ ಭಾಷೆಯವರಿಗೆ ಸಮ. ಈ ತಾಲ್ಲೂಕಿಗೆ ಮಳೆಯನ್ನು ತಪ್ಪಿಸಿದ ಗಾಳಿಯೇ ಅದರ ಬೋಳುಗುಡ್ಡಗಳ ಮೇಲೆ ಪವನಚಕ್ಕಿಗಳನ್ನು ತಂದು ನಿಲ್ಲಿಸಿತು. ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೊಡುವ ಈ ಗಾಳಿಯ ಲೆಕ್ಕವನ್ನು ಸರಕಾರವಾಗಲಿ ಕಂಪನಿಗಳಾಗಲಿ ಇಲ್ಲಿಯವರೆಗೆ ಒಂದೇ ಖಾತೆಯಲ್ಲಿ ಬರೆದಿಲ್ಲ. ಜತ್ತದ ಗಾಳಿ ವಿದ್ಯುತ್ತನ್ನು ಜತ್ತದ ನೀರಿನ ಜೊತೆ ಸೇರಿಸಿ ನೋಡಬೇಕು, ಹಾಗೆ ನೋಡಿದರೆ ಮಾತ್ರ ಈ ಉದ್ಯಮಕ್ಕೆ ಊರಿನಲ್ಲಿ ಒಂದು ಅರ್ಥ ಹುಟ್ಟುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಯಂತ್ರದ ಪರಿಚಯ. ದೂರದಿಂದ ನೋಡುವವರಿಗೆ ಅದು ಮೂರು ರೆಕ್ಕೆ, ಒಂದು ಕಂಬ. ಕಂಬದ ಒಳಗೆ ಬುಡದಿಂದ ತುದಿಯವರೆಗೆ ಕಬ್ಬಿಣದ ಏಣಿ. ಎಪ್ಪತ್ತು ಎಂಬತ್ತು ಮೀಟರ್ ಎತ್ತರದ ಆ ಏಣಿಯನ್ನು ಸೊಂಟಕ್ಕೆ ಪಟ್ಟಿ ಬಿಗಿದು ಹತ್ತುವ ಹುಡುಗನಿಗೆ ನಡುನಡುವೆ ಉಸಿರು ತಿರುಗಿಸಿಕೊಳ್ಳಲು ಕಬ್ಬಿಣದ ಅಟ್ಟಗಳಿವೆ. ತುದಿಯ ಪೆಟ್ಟಿಗೆಯೊಳಗೆ ಗೇರ್‌ಬಾಕ್ಸು, ಜನರೇಟರು, ಬ್ರೇಕು. ಒಬ್ಬ ಆಳು ಬಗ್ಗಿ ಓಡಾಡುವಷ್ಟೇ ಜಾಗ. ಗೇರಿಲ್ಲದ ಯಂತ್ರಗಳೂ ಇವೆ, ಅವುಗಳ ಜನರೇಟರು ದೊಡ್ಡದು. ಪೆಟ್ಟಿಗೆಯ ಮೇಲೊಂದು ಪುಟ್ಟ ಗಾಳಿಪಟ್ಟಿ ದಿಕ್ಕು ಹೇಳುತ್ತದೆ. ಅದು ಹೇಳಿದಂತೆ ಮೋಟಾರುಗಳು ಇಡೀ ತಲೆಯನ್ನು ಗಾಳಿಗೆ ಎದುರಾಗಿ ತಿರುಗಿಸುತ್ತವೆ. ಗಾಳಿ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಆದಾಗ ಉತ್ಪಾದನೆ ಶುರು. ಇಪ್ಪತ್ತೈದರ ಹತ್ತಿರ ಹೋದರೆ ರೆಕ್ಕೆಗಳು ತಾವೇ ಓರೆಯಾಗಿ ಗಾಳಿಯನ್ನು ಬಿಟ್ಟುಕೊಟ್ಟು ನಿಂತುಬಿಡುತ್ತವೆ. ಈ ಎರಡರ ನಡುವೆ ಒಂದು ನಿಯಮವಿದೆ. ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುವವರೆಗೆ, ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಡೀ ವರ್ಷದ ದುಡಿಮೆಯ ಬಹುಪಾಲನ್ನು ಹೊರುವುದು ಈ ಕಾರಣಕ್ಕೆ. ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ವರ್ಷದ ಗಾಳಿ ವಿದ್ಯುತ್ತಿನ ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ ಬರುತ್ತದೆ. ಹೀಗಾಗಿ ಎಣ್ಣೆ ಬದಲಿಸುವುದು, ಬೋಲ್ಟು ಬಿಗಿಯುವುದು, ರೆಕ್ಕೆಯ ಬಿರುಕು ತುಂಬುವುದು ಎಲ್ಲ ಮುಂಗಾರಿಗೆ ಮುಂಚೆಯೇ ಮುಗಿಯಬೇಕು. ಇಲ್ಲಿನ ರೈತ ಮೃಗಶಿರಾ ಮಳೆಗೆ ಮುಂಚೆ ಹೊಲ ಹದ ಮಾಡುವ ದಿನಗಳಲ್ಲೇ ಗುಡ್ಡದ ಮೇಲಿನ ತಂತ್ರಜ್ಞನೂ ತನ್ನ ಬೆಳೆಗೆ ಸಿದ್ಧನಾಗುತ್ತಿರುತ್ತಾನೆ.

ಈ ಯಂತ್ರಗಳು ಯಾರವು? ಇಲ್ಲಿಂದ ಕತೆ ಬೇರೆಯಾಗುತ್ತದೆ. ಗಾಳಿಯಂತ್ರ ಕೊಂಡವರಿಗೆ ಅದರ ಬೆಲೆಯ ಬಹುಪಾಲನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವ ಅವಕಾಶ ಕೇಂದ್ರದ ನಿಯಮದಲ್ಲಿತ್ತು. 2009ರಿಂದ, ಆ ಅವಕಾಶ ಬಳಸದವರಿಗೆ ಯೂನಿಟ್ಟಿಗೆ 50 ಪೈಸೆಯ ಉತ್ಪಾದನಾ ಪ್ರೋತ್ಸಾಹಧನವೂ ಬಂತು. ಗಾಳಿಯ ಗಂಧಗಾಳಿಯೂ ಇಲ್ಲದ ಉದ್ದಿಮೆದಾರರು ಸಾತಾರಾ, ಸಾಂಗ್ಲಿಯ ಗುಡ್ಡಗಳಲ್ಲಿ ಯಂತ್ರದ ಒಡೆಯರಾದದ್ದು ಹೀಗೆ. ಆಮೇಲೆ ಬಂದವು ವಿದ್ಯುತ್ತನ್ನೇ ವ್ಯಾಪಾರ ಮಾಡುವ ದೊಡ್ಡ ಕಂಪನಿಗಳು. ರಿನ್ಯೂ ಪವರ್ ಕಂಪನಿ ಜತ್ತದಲ್ಲಿ ಸುಮಾರು 85 ಮೆಗಾವಾಟಿನ ಯೋಜನೆ ಕಟ್ಟಿ, ಅದರ ಹೆಸರಿನಲ್ಲೇ 2015ರಲ್ಲಿ 451 ಕೋಟಿ ರೂಪಾಯಿಯ ಬಾಂಡು ಹೊರಡಿಸಿತು. ಇಂಡಿಯಾ ಇನ್‌ಫ್ರಾಸ್ಟ್ರಕ್ಚರ್ ಫೈನಾನ್ಸ್ ಕಂಪನಿ ಭಾಗಶಃ ಜಾಮೀನು ನಿಂತಿತು, ಅದರ ಬೆನ್ನಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕು. ಇಂಥ ಜಾಮೀನಿನ ಬಾಂಡು ನಮ್ಮ ದೇಶದಲ್ಲಿ ಅದೇ ಮೊದಲು. ಕುರಿ ಮೇಯುವ ಗುಡ್ಡವೊಂದರ ಗಾಳಿ ಮುಂಬಯಿಯ ಸಾಲಪೇಟೆಯಲ್ಲಿ ಆಸ್ತಿಯಾಗಿ ಮಾನ್ಯವಾದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಮಾನ್ಯತೆಯಲ್ಲಿ ಗುಡ್ಡದ ಬುಡದವರಿಗೆ ಸಿಕ್ಕಿದ್ದು ಜಮೀನಿನ ಬೆಲೆ, ಒಂದಿಷ್ಟು ಕಾವಲಿನ ಕೆಲಸ, ಕ್ರೇನು ಬರಲೆಂದು ಅಗಲಗೊಂಡ ರಸ್ತೆ, ಐಟಿಐ ಓದಿದ ಕೆಲವು ಹುಡುಗರಿಗೆ ನೌಕರಿ. ಇಷ್ಟರಲ್ಲಿ ಊರು ನಡೆಯುವುದಿಲ್ಲ. ಇವತ್ತಿಗೂ ದೀಪಾವಳಿ ಮುಗಿಯುತ್ತಲೇ ಈ ಭಾಗದ ಎಷ್ಟೋ ಕುಟುಂಬಗಳು ಪಶ್ಚಿಮದ ಸಕ್ಕರೆ ಕಾರ್ಖಾನೆಗಳ ಕಡೆ ಕಬ್ಬು ಕಡಿಯಲು ಗುಳೆ ಹೋಗುತ್ತವೆ.

ಇನ್ನು ನೀರಿನ ಖಾತೆ. ಜತ್ತಕ್ಕೆ ಕೃಷ್ಣೆಯ ನೀರು ಬರುವುದು ಮ್ಹೈಸಾಳ ಏತ ನೀರಾವರಿಯಿಂದ. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ನದಿಯಿಂದ ಎತ್ತಿದ ನೀರನ್ನು ಹಂತ ಹಂತವಾಗಿ ಮೇಲೇರಿಸಿ ಕವಠೆ ಮಹಾಂಕಾಳ, ಜತ್ತದ ಕಡೆ ಹರಿಸುತ್ತಾರೆ. ಈ ಯೋಜನೆಯ ದೊಡ್ಡ ಕಾಯಿಲೆ ಕಾಲುವೆಯಲ್ಲಿಲ್ಲ, ಕರೆಂಟ್ ಬಿಲ್ಲಿನಲ್ಲಿದೆ. ಬಾಕಿ ಏರಿತೆಂದು ಪಂಪು ನಿಲ್ಲಿಸುವುದು, ಬೆಳೆ ಬಾಡಿತೆಂದು ರೈತರು ಬೀದಿಗಿಳಿಯುವುದು, ಆಮೇಲೆ ಸರಕಾರ ಒಂದಿಷ್ಟು ತುಂಬಿ ಮತ್ತೆ ಚಾಲು ಮಾಡುವುದು ವರ್ಷಗಟ್ಟಲೆ ನಡೆಯಿತು. ಕೊನೆಗೆ ಏತ ಯೋಜನೆಗಳ ಬಿಲ್ಲಿನಲ್ಲಿ ನೂರಕ್ಕೆ 81 ಪಾಲು ಸರಕಾರದ್ದು, 19 ಪಾಲು ರೈತರದ್ದು ಎಂದು ಗೊತ್ತುಮಾಡಿದರು. ಆ ನೀರೂ ಪೂರ್ವ ಭಾಗದ ಬಹಳಷ್ಟು ಊರುಗಳನ್ನು ಮುಟ್ಟಲಿಲ್ಲ. ಕರ್ನಾಟಕಕ್ಕೆ ಸೇರುತ್ತೇವೆಂದು 2012ರಲ್ಲಿ ಇಲ್ಲಿನ ಪಂಚಾಯಿತಿಗಳು ಠರಾವು ಮಾಡಿದ್ದು ಈ ಸಿಟ್ಟಿನಿಂದ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯ ಬಿಸಿಯಾದವು. ಮಹಾರಾಷ್ಟ್ರ ವಿಸ್ತಾರಿತ ಮ್ಹೈಸಾಳಕ್ಕೆ ಸುಮಾರು 2,000 ಕೋಟಿ ರೂಪಾಯಿ ಘೋಷಿಸಿತು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ಯೋಜನೆಯ ನೀರು ಗಡಿ ದಾಟಿ ಜತ್ತದ ತಿಕ್ಕುಂಡಿ ಕೆರೆಗೆ ಹರಿಯಿತು. ಗಡಿ ತಂಟೆಯ ಗದ್ದಲದಲ್ಲಿ ಒಂದು ಮಾತು ಮುಚ್ಚಿಹೋಯಿತು. ನೀರು ಯಾವ ರಾಜ್ಯದಿಂದ ಬಂದರೂ ಇಲ್ಲಿಗೆ ಅದು ಬರಬೇಕಾದದ್ದು ವಿದ್ಯುತ್ತಿನ ಹೆಗಲ ಮೇಲೆಯೇ.

ಎರಡು ಖಾತೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಹೊಂದಿಕೆ ಕಣ್ಣಿಗೆ ಬೀಳುತ್ತದೆ. ಗಾಳಿ ಜೋರಾಗಿರುವ ಜುಲೈ-ಆಗಸ್ಟಿನಲ್ಲೇ ಕೃಷ್ಣೆ ಉಕ್ಕುತ್ತಾಳೆ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಅಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು, ಅಪಾಯದ ಮಟ್ಟ 45 ಅಡಿ. 2021ರಲ್ಲಿ ಮತ್ತೆ ಮಹಾಪೂರ. ಒಂದೇ ಜಿಲ್ಲೆಯ ಪಶ್ಚಿಮ ತುದಿ ಮುಳುಗಿರುವಾಗ ಪೂರ್ವ ತುದಿಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರು ಓಡುವುದನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಸಣ್ಣದೊಂದು ಗಣಿತ ಮಾಡೋಣ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್ ನೀರು. ಅದನ್ನು 200 ಮೀಟರ್ ಎತ್ತಬೇಕು, ಪಂಪು-ಮೋಟಾರಿನ ದಕ್ಷತೆ ನೂರಕ್ಕೆ ಎಪ್ಪತ್ತು ಎಂದು ಹಿಡಿದರೆ ಸುಮಾರು 2.2 ಕೋಟಿ ಯೂನಿಟ್ ಬೇಕಾಗುತ್ತದೆ. 85 ಮೆಗಾವಾಟಿನ ಗಾಳಿಸ್ಥಾವರ ತನ್ನ ಸಾಮರ್ಥ್ಯದ ಐದರಲ್ಲೊಂದು ಪಾಲು ದುಡಿದರೂ ವರ್ಷಕ್ಕೆ 15 ಕೋಟಿ ಯೂನಿಟ್ ಹತ್ತಿರ ಆಯಿತು, ಮಳೆಗಾಲದ ಪಾಲು 9 ಕೋಟಿ. ಅಂದರೆ ಅಂಥ ಒಂದೇ ಸ್ಥಾವರದ ಒಂದು ಮಳೆಗಾಲದ ದುಡಿಮೆ 4 ಟಿಎಂಸಿ ನೀರೆತ್ತುವುದಕ್ಕೆ ಸಾಕು. ಇದು ಎಂಜಿನಿಯರನ ಅಂದಾಜುಪಟ್ಟಿಯಲ್ಲ, ಅಳತೆಯ ಗಾತ್ರ ತಿಳಿಯಲು ಹಾಕಿದ ಲೆಕ್ಕ. ಆದರೂ ಬೇಡಿಕೆ ಮತ್ತು ಪೂರೈಕೆ ಒಂದೇ ಗಾತ್ರದವು ಎಂಬುದನ್ನು ಅದು ತೋರಿಸುತ್ತದೆ.

ಇದಕ್ಕೆ ಮೊದಲ ಆಕ್ಷೇಪ ವಿದ್ಯುತ್ ಇಲಾಖೆಯವರದು. ಗ್ರಿಡ್ಡಿಗೆ ಸೇರಿದ ಕರೆಂಟಿಗೆ ಊರು-ಕೇರಿ ಇಲ್ಲ, ಜತ್ತದ ಗಾಳಿಯದು ಜತ್ತಕ್ಕೇ ಬರಬೇಕೆನ್ನುವುದು ಭಾವುಕತೆ ಎನ್ನುತ್ತಾರೆ. ನಿಜ, ಹತ್ತು ಮನೆಯ ಜೋಳ ಒಂದೇ ಹಗೇವಿಗೆ ಬಿದ್ದ ಮೇಲೆ ಕಾಳು ಗುರುತಿಸಲಾಗದು. ಆದರೆ ಯಾರು ಎಷ್ಟು ಚೀಲ ಹಾಕಿದರು, ಯಾರು ಎಷ್ಟು ತೆಗೆದರು ಎಂಬ ಲೆಕ್ಕ ಇಡಬಹುದಲ್ಲ! ಮುಕ್ತ ಸಂಪರ್ಕದ ನಿಯಮದಡಿ ಕಾರ್ಖಾನೆಗಳು ಮಾಡುತ್ತಿರುವುದು ಅದನ್ನೇ. ಎಲ್ಲೋ ಗುಡ್ಡದ ಮೇಲೆ ಉತ್ಪಾದಿಸಿ ಇನ್ನೆಲ್ಲೋ ಬಳಸಿ, ನಡುವಿನ ಸಾಗಣೆ ಶುಲ್ಕ ಕಟ್ಟುತ್ತವೆ. ಹೆಚ್ಚಾದ ಯೂನಿಟ್ಟುಗಳನ್ನು ಗ್ರಿಡ್ಡಿನಲ್ಲಿ ಜಮಾ ಇಟ್ಟು ವರ್ಷದಲ್ಲಿ ಯಾವಾಗಲಾದರೂ ತೆಗೆಯುವ ಸವಲತ್ತನ್ನು ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ತಿಂಗಳ ಲೆಕ್ಕಕ್ಕೆ ಇಳಿಸಿದಾಗ ಕಂಪನಿಗಳು ಗೊಣಗಿದವು. ನೀರೆತ್ತುವ ಕೆಲಸಕ್ಕೆ ಆ ಗೊಣಗಾಟವೂ ಬೇಕಿಲ್ಲ, ಏಕೆಂದರೆ ಗಾಳಿ ಬೀಸುವ ತಿಂಗಳೇ ಪೂರದ ನೀರೆತ್ತುವ ತಿಂಗಳು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸೌರವಿದ್ಯುತ್ ಅಗ್ಗ, ಹಳೆಯ ಗಾಳಿಯಂತ್ರಗಳ ಗೊಡವೆ ಏಕೆ? ಮ್ಹೈಸಾಳ ಯೋಜನೆಗೆಂದೇ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲದಿಂದ 200 ಮೆಗಾವಾಟಿನ ಸೌರಸ್ಥಾವರ ಕಟ್ಟುವ ನಿರ್ಧಾರವೂ ಆಗಿದೆ. ಅದು ಒಳ್ಳೆಯ ನಿರ್ಧಾರ. ಬಿಲ್ಲಿನ ಕಾಯಿಲೆಗೆ ಔಷಧಿ ಉತ್ಪಾದನೆಯಲ್ಲಿದೆಯೆಂದು ಸರಕಾರವೇ ಒಪ್ಪಿದಂತಾಯಿತು. ಆದರೆ ಬಿಸಿಲು ಕೈಕೊಡುವುದು ಮೋಡ ಮುಸುಕಿದ ಮಳೆಗಾಲದಲ್ಲಿ, ಗಾಳಿ ಕೈಹಿಡಿಯುವುದೂ ಆಗಲೇ. ಅಲ್ಲದೆ ಅದು ರಾತ್ರಿಯೂ ಬೀಸುತ್ತದೆ. ಬೇಸಿಗೆಯ ನೀರಿಗೆ ಸೂರ್ಯ, ಪೂರದ ನೀರಿಗೆ ಗಾಳಿ ಎಂದು ಕೆಲಸ ಹಂಚಿಕೊಟ್ಟರೆ ಒಂದು ಇನ್ನೊಂದಕ್ಕೆ ಎದುರಾಳಿಯಲ್ಲ. ಪೂರದ ನೀರೆತ್ತಿದರೆ ಕೆಳಗಿನ ರಾಜ್ಯದ ಪಾಲಿಗೆ ಕುತ್ತು ಬರುವುದಿಲ್ಲವೇ ಎಂದು ಕರ್ನಾಟಕದ ಓದುಗರು ಕೇಳಬಹುದು. ಕೃಷ್ಣಾ ಕೊಳ್ಳದ ಹಂಚಿಕೆ ನ್ಯಾಯಮಂಡಳಿಯದು. ಬಚಾವತ್ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700 ಟಿಎಂಸಿ ಕೊಟ್ಟಿದೆ. ಎತ್ತಿದ ಪ್ರತಿ ಹನಿಯೂ ಮಹಾರಾಷ್ಟ್ರದ ಪಾಲಿನಲ್ಲೇ ಎಣಿಕೆಯಾಗಬೇಕು. ಆಲಮಟ್ಟಿ ಅಣೆಕಟ್ಟಿನ ಎತ್ತರದ ಬಗ್ಗೆ ಸಾಂಗ್ಲಿಯವರೂ ಬಾಗಲಕೋಟೆಯವರೂ ಜಗಳವಾಡುವ ದಿನಗಳಲ್ಲಿ ಪೂರದ ನೀರಿನ ಒಂದು ಪಾಲು ಬರದ ಕೆರೆಗಳಿಗೆ ಹೋದರೆ ಇಬ್ಬರಿಗೂ ನಷ್ಟವಿಲ್ಲ. ಪಂಪುಗಳ ಸಾಮರ್ಥ್ಯಕ್ಕೆ ಮಿತಿಯಿದೆ, ನೀರು ನಿಲ್ಲಿಸಲು ಕೆರೆಗಳ ಹೂಳು ತೆಗೆಯಬೇಕು ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಆ ಖರ್ಚು ಈ ವಾದದ ಬೆಲೆ, ಅದನ್ನು ತೆರಲೇಬೇಕು.

ಊರಿಗೆ ಬಾಡಿಗೆ ಬಂದರೆ ಸಾಲದೇ ಎಂಬ ಮೂರನೆಯ ಮಾತೂ ಇದೆ. ಅದಕ್ಕೆ ತುಮಕೂರು ಜಿಲ್ಲೆಯ ಪಾವಗಡವನ್ನು ತೋರಿಸುತ್ತಾರೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ, ಜಮೀನು ಕೊಳ್ಳದೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿ. ಬರದ ನೆಲದ ಒಡೆಯನಿಗೆ ಇದು ನಿಶ್ಚಿಂತೆಯ ಆದಾಯ, ಅದನ್ನು ಹಳಿಯುವವರು ಅವನ ಪಾಡು ತಿಳಿಯದವರು. ಮಹಾರಾಷ್ಟ್ರದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯೂ ಈಗ ಹೆಕ್ಟೇರಿಗೆ ವರ್ಷಕ್ಕೆ ಒಂದೂಕಾಲು ಲಕ್ಷ ಗೇಣಿ ಕೊಡುತ್ತಿದೆ. ಆದರೆ ಗೇಣಿ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಾವಗಡದಲ್ಲಿ ಕೂಲಿಯವರ, ದನ-ಕುರಿ ಸಾಕುವವರ ಕೆಲಸ ಬೇಲಿಯ ಆಚೆ ಉಳಿಯಿತು. ಈ ದೃಷ್ಟಿಯಿಂದ ಗಾಳಿಯಂತ್ರ ಉದಾರಿ. ಕಂಬದ ಬುಡ ಬಿಟ್ಟರೆ ಉಳಿದ ನೆಲ ಮೊದಲಿನಂತೆಯೇ ಇರುತ್ತದೆ, ಉಬ್ಬುಮೂಗಿನ ಮಾಡಗ್ಯಾಳ ಕುರಿಗಳ ಹಿಂಡು ರೆಕ್ಕೆಯ ನೆರಳಲ್ಲೇ ಮೇಯಬಹುದು. ನೀರು ಇನ್ನೂ ಉದಾರಿ. ತುಂಬಿದ ಕೆರೆ ಭೂಮಿ ಇದ್ದವನ ಬಾವಿಯನ್ನೂ ಇಲ್ಲದವಳ ಕೊಡವನ್ನೂ ತುಂಬುತ್ತದೆ, ದ್ರಾಕ್ಷಿ-ದಾಳಿಂಬೆಯ ತೋಟ ಉಳಿದರೆ ಕಟಾವಿನ ಕೂಲಿ ಊರಲ್ಲೇ ಸಿಗುತ್ತದೆ. ಗಾಳಿಯ ಪಾಲನ್ನು ಹಣವಾಗಿ ಕೇಳುವುದಕ್ಕಿಂತ ನೀರಾಗಿ ಕೇಳುವುದು ನ್ಯಾಯ ಎನ್ನಿಸುವುದು ಇದಕ್ಕೇ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗದ 2010ರ ನಿಯಮಗಳಂತೆ ಗಾಳಿ ವಿದ್ಯುತ್ತಿಗೆ ದರ ಗೊತ್ತುಮಾಡುತ್ತಿದ್ದುದು 13 ವರ್ಷದ ಅವಧಿಗೆ. ಆ ನಿಯಮ ಬಂದ ಹೊಸದರಲ್ಲಿ ನಿಂತ ಯಂತ್ರಗಳ ಅವಧಿ ಒಂದೊಂದಾಗಿ ತೀರುತ್ತ ಬಂದಿದೆ. ಯಂತ್ರದ ಆಯುಸ್ಸು ಇಪ್ಪತ್ತು ಇಪ್ಪತ್ತೈದು ವರ್ಷ. ಸಾಲ ತೀರಿ, ಸವಕಳಿ ಮುಗಿದು, ಇನ್ನೂ ತಿರುಗುವ ಯಂತ್ರದ ಕರೆಂಟು ಅಗ್ಗವಾಗಿ ಸಿಗಬೇಕು. ಹಳೆಯದನ್ನು ಕಳಚಿ ಅದೇ ಜಾಗದಲ್ಲಿ ದೊಡ್ಡ ಯಂತ್ರ ನಿಲ್ಲಿಸುವುದಕ್ಕೂ ಹಳೆಯದರ ಆಯುಸ್ಸು ಹೆಚ್ಚಿಸುವುದಕ್ಕೂ ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಹೊಸ ನೀತಿ ಹೊರಡಿಸಿದೆ. ಮೊದಲ ಸಲ ಯಂತ್ರಗಳು ಬಂದಾಗ ಊರಿನವರಿಗೆ ಕೇಳಲು ಏನೂ ತಿಳಿದಿರಲಿಲ್ಲ. ಎರಡನೆಯ ಸಲ ರಸ್ತೆ, ಜಾಗ, ಒಪ್ಪಿಗೆಯ ಕಾಗದಗಳಿಗಾಗಿ ಕಂಪನಿಗಳು ಗ್ರಾಮಸಭೆಗೆ ಬಂದಾಗ, ಮಳೆಗಾಲದ ಯೂನಿಟ್ಟುಗಳಲ್ಲಿ ಎಷ್ಟು ಮ್ಹೈಸಾಳದ ಪಂಪಿಗೆ, ಯಾವ ದರಕ್ಕೆ ಎಂಬುದನ್ನು ಉಟಗಿಯಂಥ ಊರುಗಳು ಠರಾವಿನಲ್ಲಿ ಬರೆಸಬಹುದು.