ಗಂಟುರೋಗದ ಜೀವಿ ಯಾವ ಕುಲದ್ದು?

ಸಾಂಪ್ರದಾಯಿಕ ಇಳಕಲ್ ಸೀರೆಯ ಸೆರಗು ರೇಷ್ಮೆಯದು. ಇಳಕಲ್ಲಿಗೆ ನೆರೆಯಾದ ಕುಷ್ಟಗಿಯಲ್ಲಿ, ಅಂತೆಯೇ ಕೊಪ್ಪಳ, ಗಂಗಾವತಿ, ಯಲಬುರ್ಗಾಗಳಲ್ಲಿ ಅದನ್ನು ಕಾಣದವರು ವಿರಳ. ಆ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ರೈತರೂ ಇದ್ದಾರೆ. ಅವರ ಶ್ರಮವನ್ನೆಲ್ಲ ಮಣ್ಣುಪಾಲು ಮಾಡಬಲ್ಲ ವ್ಯಾಧಿಯೊಂದುಂಟು. ಅದೇ ಗಂಟುರೋಗ ಅಥವಾ ಪೆಬ್ರಿನ್. ರೋಗ ತಗುಲಿದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಮೂಡುವುದರಿಂದ ಈ ಎರಡನೆಯ ಹೆಸರು ಬಂದಿತು.

ಇದಕ್ಕೆ ಕಾರಣವಾದ ಏಕಕೋಶ ಪರೋಪಜೀವಿಯೇ ನೊಸೀಮ ಬಾಂಬಿಸಿಸ್. ಇದರ ಬೀಜಾಣುವಿನ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗ ಮಾತ್ರ. ಅದರೊಳಗೆ ನೀಳವಾದ ನಾಳವೊಂದು ಸುರುಳಿ ಸುತ್ತಿಕೊಂಡಿರುತ್ತದೆ. ಸೊಪ್ಪಿನೊಡನೆ ಹುಳುವಿನ ಹೊಟ್ಟೆ ಸೇರಿದಾಗ ನಾಳವು ಥಟ್ಟನೆ ಹೊರಚಿಮ್ಮಿ ಕರುಳಿನ ಕೋಶವನ್ನು ಚುಚ್ಚುತ್ತದೆ. ಬೀಜಾಣುವಿನ ಜೀವದ್ರವ್ಯವು ಅದರ ಮೂಲಕ ಕೋಶದೊಳಕ್ಕೆ ಹರಿಯುತ್ತದೆ. ಅಲ್ಲಿ ವೃದ್ಧಿಹೊಂದಿ, ಮೈಯೆಲ್ಲ ವ್ಯಾಪಿಸಿ, ಕಡೆಗೆ ತಾಯಿಯಿಂದ ಮೊಟ್ಟೆಗೂ ದಾಟುತ್ತದೆ.

ಇಂತಹ ಜೀವಿಯನ್ನು ಯಾವ ವರ್ಗಕ್ಕೆ ಸೇರಿಸಬೇಕು? 1857ರಲ್ಲಿ ಇದಕ್ಕೆ ಹೆಸರಿಟ್ಟ ನೇಗೆಲಿಯು ಇದನ್ನು ಯೀಸ್ಟಿನಂತಹ ಶಿಲೀಂಧ್ರಗಳ ಸಾಲಿನಲ್ಲಿ ಕೂರಿಸಿದನು. 1882ರಲ್ಲಿ ಬಾಲ್ಬಿಯಾನಿಯು ಮೈಕ್ರೋಸ್ಪೊರಿಡಿಯ ಎಂಬ ಗುಂಪನ್ನು ಕಲ್ಪಿಸಿ, ಬೀಜಾಣುಗಳುಳ್ಳ ಆದಿಜೀವಿಗಳ ನಡುವೆ ಇದಕ್ಕೆ ಸ್ಥಾನವಿತ್ತನು. ಇದರಲ್ಲಿ ಮೈಟೊಕಾಂಡ್ರಿಯ ಕಾಣದ್ದರಿಂದ, 1983ರಲ್ಲಿ ಕ್ಯಾವಲಿಯರ್-ಸ್ಮಿತ್ ಇಂತಹ ಜೀವಿಗಳನ್ನು ಅತಿ ಪುರಾತನವೆಂದು ಬಗೆದು ಬೇರೆಯೇ ಗುಂಪು ಮಾಡಿದರು.

ಆದರೆ 1990ರ ದಶಕದಲ್ಲಿ ಜೀನುಗಳ ಪರೀಕ್ಷೆಯು ಮೈಕ್ರೋಸ್ಪೊರಿಡಿಯಗಳು ಶಿಲೀಂಧ್ರಗಳ ನಿಕಟಬಂಧುಗಳೆಂದು ತೋರಿಸಿತು. ಬೀಜಾಣುವಿನ ಗೋಡೆಯಲ್ಲಿರುವ ಕೈಟಿನ್ ಕೂಡ ಇದಕ್ಕೆ ಹೊಂದುತ್ತದೆ. 2002ರಲ್ಲಿ ಇವುಗಳಲ್ಲಿಯೇ ಮೈಟೊಕಾಂಡ್ರಿಯದ ಕುಗ್ಗಿದ ಅವಶೇಷವೂ ದೊರೆಯಿತು. ಪರರ ಅಡುಗೆಮನೆಯಲ್ಲಿ ಉಣ್ಣುವವನಿಗೆ ಸ್ವಂತ ಒಲೆಯೇಕೆ? ಆಶ್ರಯದಾತನ ಶಕ್ತಿಯನ್ನೇ ಕದಿಯುವ ಈ ಜೀವಿಯು ತನ್ನ ಒಲೆಯನ್ನು ಕಳೆದುಕೊಂಡಿತು. ಇದರ ಸರಳತೆ ಆದಿಮವಲ್ಲ, ಪರಾಶ್ರಯದ ಫಲ. ಹೀಗೆ, ಒಂದೂವರೆ ಶತಮಾನದ ಬಳಿಕ ನೇಗೆಲಿಯ ಊಹೆಯ ಸಮೀಪಕ್ಕೇ ವಿಜ್ಞಾನವು ಮರಳಿತು.

ಕುಲ ನಿರ್ಣಯವಾಗುವವರೆಗೆ ರೈತನು ಕಾಯಬೇಕಾಗಲಿಲ್ಲ. 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಶೋಧಿಸಿದ ಲೂಯಿ ಪಾಶ್ಚರನು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಬಳಕೆಗೆ ತಂದನು. ಬೀಜಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ನಾಶಪಡಿಸಬೇಕು. ಕರ್ನಾಟಕದ ಬಿತ್ತನೆ ಕೋಠಿಗಳು ರೋಗರಹಿತ ಮೊಟ್ಟೆಗಳನ್ನು ಸಿದ್ಧಪಡಿಸುವುದು ಇದೇ ತತ್ತ್ವದ ಮೇಲೆ. ಶತ್ರುವಿನ ವಂಶವೃಕ್ಷ ತಿಳಿಯದಿದ್ದರೂ, ಅವನು ಬರುವ ದಾರಿಯನ್ನು ತಿಳಿದು ಬಾಗಿಲು ಮುಚ್ಚಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?