ಹೆಂಚಿನ ದುಡ್ಡು ಲೆನ್ಸಿಗೆ: ಝೂಮೋ, ಜೋಡಣೆಯೋ?

ದಾಂಡೇಲಿ: ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಬದಲಿಸಬೇಕೆಂದು ಕೂಡಿಟ್ಟ ದುಡ್ಡು. ಅದನ್ನು ಕ್ಯಾಮೆರಾದ ಲೆನ್ಸಿಗೆ ಹಾಕುವುದೋ ಬೇಡವೋ ಎಂದು ಜೋಯಿಡಾ ತಾಲೂಕು ಗಣೇಶಗುಡಿ ಕಡೆಯ ಒಬ್ಬ ಹುಡುಗ ಎರಡು ತಿಂಗಳು ನಿದ್ದೆಗೆಟ್ಟ. ಹಾಕುವುದಾದರೆ ಯಾವ ಲೆನ್ಸಿಗೆ ಎಂಬುದು ಅದಕ್ಕೂ ದೊಡ್ಡ ತಲೆಬೇನೆ.

ಹುಡುಗನ ಕಸುಬು ಹಕ್ಕಿ ತೋರಿಸುವುದು. ಬೆಂಗಳೂರು, ಪುಣೆ ಕಡೆಯಿಂದ ಬಂದವರನ್ನು ಕಾಡಂಚಿನಲ್ಲಿ ಸುತ್ತಿಸಿ, ಇದು ಮಂಗಟ್ಟೆ, ಇದು ನವರಂಗ ಎಂದು ತೋರಿಸಿ ನಾಲ್ಕು ಕಾಸು ಕಾಣುತ್ತಾನೆ. ಆದರೆ ಈಗ ಬರುವವರು ಮೊದಲು ಕೇಳುವುದು, "ನೀವು ತೆಗೆದ ಫೋಟೋ ಕಳಿಸಿ, ನೋಡೋಣ." ಫೋಟೋ ಇದ್ದವನಿಗೆ ಫೋನ್ ಬರುತ್ತದೆ, ಇಲ್ಲದವ ಮನೆಯಲ್ಲಿ ಕೂರುತ್ತಾನೆ. ಸೀಸನ್ ತಪ್ಪಿದರೆ ವರ್ಷವೇ ತಪ್ಪಿದಂತೆ.

ದಾಂಡೇಲಿ ಬಸ್ ಸ್ಟ್ಯಾಂಡಿನ ಬಳಿಯ ಚಹಾದಂಗಡಿಯಲ್ಲಿ ಇದರ ಪಂಚಾಯಿತಿ ನಡೆಯಿತು. ಒಂದು ಕಡೆ ಊರಿನ ಸ್ಟುಡಿಯೋ ಮಾಲಿಕರು, ಝೂಮ್ ಪಕ್ಷ. ಇನ್ನೊಂದು ಕಡೆ ಮುಂಡಗೋಡದಿಂದ ಬರುವ ನಿವೃತ್ತ ಮೇಷ್ಟ್ರು, ಪ್ರೈಮ್ ಪಕ್ಷ. ಚಹಾದ ಬಿಲ್ಲು ಮಾತ್ರ ಹುಡುಗನದು.

ಗೊತ್ತಿಲ್ಲದವರಿಗೆ ಒಂದು ಮಾತು. ಟೆಲಿಫೋಟೋ ಝೂಮ್ ಎಂದರೆ ಕೈಯಲ್ಲಿ ತಿರುಗಿಸಿದರೆ ದೂರದ್ದು ಹತ್ತಿರ, ಹತ್ತಿರದ್ದು ದೂರ ಮಾಡುವ ಲೆನ್ಸು. 150ರಿಂದ 600 ಮಿಲಿಮೀಟರ್, 200ರಿಂದ 500 ಹೀಗೆ ಬರುತ್ತವೆ. ಪ್ರೈಮ್ ಎಂದರೆ ಒಂದೇ ಅಳತೆ, 300 ಅಂದರೆ 300. ಟೆಲಿಕನ್ವರ್ಟರ್ ಎಂಬುದು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂಡಿಸುವ, ಬಳೆಯಂಥ ಗಾಜಿನ ತುಂಡು. 1.4ರದ್ದು ಹಾಕಿದರೆ 300 ಹೋಗಿ 420 ಆಗುತ್ತದೆ, 2ರದ್ದು ಹಾಕಿದರೆ 600.

ಹಾಗಾದರೆ ಸಸ್ತಾದಲ್ಲಿ 600 ಸಿಕ್ಕಿತಲ್ಲ ಎಂದು ಹಿಗ್ಗಬೇಡಿ. ಹಾಲಿಗೆ ನೀರು ಹಾಕಿದ ಹಾಗೆ ಇದು. ಅಳತೆ ಹೆಚ್ಚುತ್ತದೆ, ಗಟ್ಟಿ ಹೋಗುತ್ತದೆ. 1.4ರ ಕನ್ವರ್ಟರ್ ಒಳಬರುವ ಬೆಳಕನ್ನು ಅರ್ಧ ಮಾಡುತ್ತದೆ, 2ರದ್ದು ಕಾಲುಭಾಗಕ್ಕೆ ಇಳಿಸುತ್ತದೆ. ಎಫ್ 4ರ ಲೆನ್ಸು ಮೊದಲನೆಯದರಲ್ಲಿ ಎಫ್ 5.6, ಎರಡನೆಯದರಲ್ಲಿ ಎಫ್ 8. ಸೆಕೆಂಡಿನ 500ನೇ ಒಂದು ಭಾಗದಲ್ಲಿ ಹಿಡಿಯಬಹುದಾಗಿದ್ದ ಚಿತ್ರಕ್ಕೆ 125ನೇ ಒಂದು ಭಾಗ ಬೇಕು. ಅಷ್ಟರಲ್ಲಿ ಹಕ್ಕಿ ಕತ್ತು ತಿರುಗಿಸಿರುತ್ತದೆ, ಕೈಯೂ ನಡುಗಿರುತ್ತದೆ.

ಬಯಲುಸೀಮೆಯಲ್ಲಾದರೆ ಈ ಲೆಕ್ಕ ಅಷ್ಟು ಬಾಧಿಸದು. ಆದರೆ ಇದು ಕಾಳಿ ಕಣಿವೆ. 1956ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡು. ಇಲ್ಲಿ ಬೆಳಿಗ್ಗೆ ಏಳೂವರೆಗೂ ಮರದ ಕೆಳಗೆ ಮುಸ್ಸಂಜೆ. ನಾಲ್ಕು ಜಾತಿಯ ಮಂಗಟ್ಟೆಗಳು ಇರುವ ಊರೆಂದು ದಾಂಡೇಲಿಗೆ ಹೆಸರು. ಅವು ಕೂರುವುದೋ ಎತ್ತರದ ಕೊಂಬೆಯಲ್ಲಿ, ಹಿಂದೆ ಬೆಳ್ಳನೆ ಆಕಾಶ. ದೂರವೂ ಬೇಕು, ಬೆಳಕೂ ಬೇಕು. ಎರಡನ್ನೂ ಒಟ್ಟಿಗೆ ಕೊಡುವ ಲೆನ್ಸು ಇಲ್ಲವೆಂದಲ್ಲ. ಅದರ ಬೆಲೆಯಲ್ಲಿ ಹುಡುಗ ಮನೆಯನ್ನೇ ಕಟ್ಟಬಹುದು.

ಸ್ಟುಡಿಯೋ ಮಾಲಿಕರ ವಾದ ಸರಳ. "ಝೂಮ್ ಇದ್ರ ಎಲ್ಲಾ ಕೆಲಸ ಆಗ್ತದ. ಅದೇ ಲೆನ್ಸಿನ್ಯಾಗ ಹಕ್ಕಿ, ಅದೇ ಲೆನ್ಸಿನ್ಯಾಗ ಜಾತ್ರಿ." ಮೇಷ್ಟ್ರು ಇದನ್ನು ಒಪ್ಪಲಿಲ್ಲ. ಫಿಲ್ಮ್ ರೋಲಿನ ಕಾಲದಿಂದ ಬಂದವರು. ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರ ಚಿತ್ರ ನೋಡಿ ಬೆಳೆದವರು. ರೋಲಿಗೆ 36 ಚಿತ್ರ, ಒಂದೊಂದಕ್ಕೂ ಲೆಕ್ಕ. ಆಗ ಝೂಮ್ ಎಂದರೆ ಬಲ್ಲವರು ಮೂಗು ಮುರಿಯುತ್ತಿದ್ದರು, ಗಾಜು ಅಷ್ಟು ಚೂಪಾಗಿರಲಿಲ್ಲ. ಈಗಿನ ಝೂಮ್ ಹಾಗಿಲ್ಲ ಎಂಬುದನ್ನು ಮೇಷ್ಟ್ರು ಒಪ್ಪುವುದಕ್ಕೇ ಮೂರು ಚಹಾ ಬೇಕಾಯಿತು.

ಮಾತಿನಲ್ಲಿ ಬಗೆಹರಿಯದ್ದು ಕಾಡಿನಲ್ಲಿ ಬಗೆಹರಿಯಲಿ ಎಂದು ಹುಡುಗ ಇಬ್ಬರ ಲೆನ್ಸನ್ನೂ ಎರವಲು ತಂದ. ಇಬ್ಬರೂ ಕೊಟ್ಟದ್ದು ದೊಡ್ಡತನ. ಲೆನ್ಸನ್ನು ಯಾರೂ ಸುಮ್ಮನೆ ಕೊಡುವುದಿಲ್ಲ.

ತೂಕದಲ್ಲೇ ಮೊದಲ ಪಾಠ. ಸ್ಟುಡಿಯೋದವರ ನಿಕಾನ್ 200-500 ಝೂಮ್ 2 ಕಿಲೋ 300 ಗ್ರಾಮ್. ಮೇಷ್ಟ್ರ 300ರ ಹೊಸ ಮಾದರಿಯ ಪ್ರೈಮ್ 755 ಗ್ರಾಮ್, 1.4ರ ಕನ್ವರ್ಟರ್ 190. ಕೂಡಿದರೂ ಕಿಲೋ ತುಂಬದು. ಗಿರಾಕಿಯ ನೀರಿನ ಬಾಟಲಿ, ಬೈನಾಕ್ಯುಲರ್ ಎಲ್ಲ ಹೊತ್ತು ಗುಡ್ಡ ಹತ್ತುವವನಿಗೆ ಈ ಒಂದು ಕಿಲೋಗೂ ಮೀರಿದ ವ್ಯತ್ಯಾಸ ಮಧ್ಯಾಹ್ನ ಹನ್ನೊಂದರ ಹೊತ್ತಿಗೆ ತಿಳಿಯುತ್ತದೆ.

ಗಣೇಶಗುಡಿಯ ಓಲ್ಡ್ ಮ್ಯಾಗಝಿನ್ ಹೌಸ್ ಬಳಿ ಹಕ್ಕಿಗಳಿಗೆಂದು ನೀರಿಟ್ಟ ತೊಟ್ಟಿಗಳಿವೆ. ಸಣ್ಣ ಹಕ್ಕಿಗಳು ನಾಲ್ಕು ಮಾರು ದೂರಕ್ಕೆ ಬರುತ್ತವೆ. ಅಲ್ಲಿ ಪ್ರೈಮ್ ಗೆದ್ದಿತು. 1.4 ಮೀಟರ್ ಸಮೀಪದವರೆಗೂ ಅದು ಫೋಕಸ್ ಹಿಡಿಯುತ್ತದೆ, ಕನ್ವರ್ಟರ್ ಕೂಡಿಸಿದರೂ ಆ ಅಂತರ ಬದಲಾಗದು, ಚಿತ್ರ ಮಾತ್ರ ದೊಡ್ಡದಾಗುತ್ತದೆ. ಮೋಡ ಮುಚ್ಚಿದಾಗ ಕನ್ವರ್ಟರ್ ಬಿಚ್ಚಿದರೆ ಸಾಕು, ಎಫ್ 4 ಸಿಕ್ಕಿತು. ಝೂಮಿಗೆ ಎಫ್ 5.6ರ ಮೇಲೆ ಬಿಚ್ಚಲು ಏನೂ ಇಲ್ಲ.

ಮರುದಿನ ಸಂಜೆ ಜೀಪಿನ ಸಫಾರಿ. ತಿರುವಿನಲ್ಲಿ ಕಾಡುಕೋಣ, ಹತ್ತು ಮಾರು ದೂರದಲ್ಲಿ. 420ರಲ್ಲಿ ಬಂದದ್ದು ಒಂದು ಕೋಡು, ಒಂದು ಕಣ್ಣು. ಕನ್ವರ್ಟರ್ ಬಿಚ್ಚುವಷ್ಟರಲ್ಲಿ ಕೋಣ ಪೊದೆಯೊಳಗೆ, ಕೆಂಪು ಧೂಳು ಕ್ಯಾಮೆರಾದೊಳಗೆ. ಪಕ್ಕದಲ್ಲಿ ಝೂಮ್ ಹಿಡಿದಿದ್ದ ಗೆಳೆಯ 200ಕ್ಕೆ ಇಳಿಸಿ ಇಡೀ ಕೋಣವನ್ನು ತೆಗೆದು, ತೋರಿಸಿ, ನಕ್ಕ.

ಮುಂಡಗೋಡ ತಾಲೂಕಿನ ಅತ್ತಿವೇರಿಯಲ್ಲಿ ಇನ್ನೊಂದು ತಮಾಷೆ. ಜಲಾಶಯದ ನಡುವಿನ ಮರಗಳ ಮೇಲೆ ನೀರುಕಾಗೆ, ಬಿಳಿ ಕೆಂಬರಲು. ಅಲ್ಲಿ ಝೂಮಿನ 500ಕ್ಕೇ ಬಲ ಹೆಚ್ಚು. 2ರ ಕನ್ವರ್ಟರ್ ಹಾಕಿ 600 ಮಾಡಿ ನೋಡಿದರೆ ಹುಡುಗನ ಹಳೇ ಕ್ಯಾಮೆರಾ ಫೋಕಸ್ ಹುಡುಕುತ್ತ ಗರ್ ಗರ್ ಎಂದು ಹಿಂದೆ ಮುಂದೆ ಓಡಿತು. ಹಳೇ ಕ್ಯಾಮೆರಾಗಳು ಎಫ್ 5.6ರವರೆಗೆ ನೆಟ್ಟಗೆ ಕೆಲಸ ಮಾಡಿ ಎಫ್ 8ಕ್ಕೆ ಕೈ ಎತ್ತುವುದುಂಟು. ಕನ್ನಡಿ ಇಲ್ಲದ ಹೊಸ ಮಾದರಿಗಳಿಗೆ ಈ ಕಾಟ ಕಡಿಮೆ. ಹನ್ನೊಂದರ ನಂತರವಂತೂ ನೀರಿನ ಮೇಲಿನ ಬಿಸಿಗಾಳಿ ಕುಣಿಯುತ್ತಿತ್ತು. ಆಗ ಯಾವ ಲೆನ್ಸೂ ಅಷ್ಟೇ, ಬುತ್ತಿ ಬಿಚ್ಚುವುದು ಒಳ್ಳೇದು.

ಹಳಿಯಾಳದ ಕ್ಯಾಮೆರಾ ರಿಪೇರಿಯವರ ಮಾತು ಯಾರಿಗೂ ಬೇಕಿರಲಿಲ್ಲ, ಆದರೂ ಹೇಳಿದರು. "ಯಾವ್ದಾರ ತಗೋರಿ, ಜುಲೈದಾಗ ಬೂಸ್ಟು ಹಿಡಿಸಬ್ಯಾಡ್ರಿ." ಈ ಕಡೆಯ ಮಳೆಗೆ ಕಪಾಟಿನಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಬೇಕೇಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂದಿನಿಂದ ಟಾರ್ಚು ಬಿಟ್ಟು ಗಾಜು ನೋಡದೆ ದುಡ್ಡು ಎಣಿಸಬಾರದು. ಎಲ್ಲ ಕನ್ವರ್ಟರೂ ಎಲ್ಲ ಲೆನ್ಸಿಗೆ ಕೂರುವುದಿಲ್ಲ ಎಂಬುದನ್ನೂ ಅಂಗಡಿಯಲ್ಲೇ ಹಾಕಿ ನೋಡಬೇಕು, ಮನೆಗೆ ಬಂದ ಮೇಲಲ್ಲ.

ಹುಡುಗ ಕೊನೆಗೆ ಡೈರಿ ತೆಗೆದು ಎಣಿಸಿದ. ಹಿಂದಿನ ಸೀಸನ್ನಿನಲ್ಲಿ ಜೀಪು ಹತ್ತಿದ ದಿನಗಳು ಬೆರಳೆಣಿಕೆ, ಉಳಿದದ್ದೆಲ್ಲ ಕಾಲ್ನಡಿಗೆ, ಅದರಲ್ಲಿ ಮುಕ್ಕಾಲು ಬೆಳಗಿನ ಜಾವ. ಹುಬ್ಬಳ್ಳಿಗೆ ಹೋಗಿ ಬಳಸಿದ 300ರ ಪ್ರೈಮ್, 1.4ರ ಕನ್ವರ್ಟರ್ ತಂದ. 2ರದ್ದನ್ನು ಮುಟ್ಟಲಿಲ್ಲ. ಜೀಪು ಓಡಿಸುವವನಾಗಿದ್ದರೆ ಝೂಮ್ ಬಿಟ್ಟು ಬೇರೆ ಕೊಳ್ಳುವುದು ಹುಚ್ಚುತನವಾಗುತ್ತಿತ್ತು, ಅದನ್ನು ಮೇಷ್ಟ್ರೂ ಹೇಳಿದರು. ಸ್ಟುಡಿಯೋ ಮಾಲಿಕರು ಮಾತ್ರ "ಕೋಣ ಬಂದಾಗ ನೆನಪು ಮಾಡ್ಕೋ" ಎನ್ನುತ್ತಲೇ ಇದ್ದಾರೆ.

ಮಿಕ್ಕ ದುಡ್ಡಿನಲ್ಲಿ ಅಡುಗೆಮನೆಯ ಮೇಲಿನ ಹೆಂಚು ಬದಲಾಗಿದೆ. ಪಡಸಾಲೆಗೆ ಸದ್ಯ ತಾಡಪಾಲು. ಲೆನ್ಸಿನ ಡಬ್ಬಿಯನ್ನು ಅವ್ವ ಅಡುಗೆಮನೆಯಲ್ಲೇ ಇಡಿಸಿದ್ದಾಳೆ.