ನೀರಿಲ್ಲದ ದ್ವೀಪದ ರೇವುಪಟ್ಟಣ

ಊರು ಕಟ್ಟುವವರು ಮೊದಲು ನೀರಿನ ನೆಲೆಯನ್ನು ನೋಡುತ್ತಾರೆ. ಬಳಿಕ ಉತ್ತು ಬಿತ್ತಲು ತಕ್ಕ ಭೂಮಿಯನ್ನು ಅರಸುತ್ತಾರೆ. ಕಾವೇರಿ, ತುಂಗಭದ್ರೆಯರ ದಡದಲ್ಲಿ ಬೆಳೆದ ನಮ್ಮ ಎಷ್ಟೋ ಪಟ್ಟಣಗಳು ಈ ಮಾತಿಗೆ ಸಾಕ್ಷಿಯಾಗಿವೆ. ಆದರೆ ಕುಡಿಯಲು ಸಾಕಷ್ಟು ಸಿಹಿನೀರಿಲ್ಲದ, ಪೈರುಪಚ್ಚೆ ಬೆಳೆಯದ ಒಂದು ಚಿಕ್ಕ ದ್ವೀಪದಲ್ಲಿ ನಗರವೊಂದು ತಲೆಯೆತ್ತಿ, ಸುಮಾರು ಮುನ್ನೂರು ವರ್ಷಗಳ ಕಾಲ ದೇಶದೇಶಗಳ ಸಂಪತ್ತನ್ನು ತನ್ನೆಡೆಗೆ ಸೆಳೆದುಕೊಂಡಿತೆಂದರೆ ಯಾರಿಗಾದರೂ ಅಚ್ಚರಿಯಾಗುತ್ತದೆ. ಆ ನಗರವೇ ಹೊರ್ಮುಜ್.

ಭೂಪಟವನ್ನು ತೆರೆದು ನೋಡಿರಿ. ಅರೇಬಿಯಾ ಮತ್ತು ಇರಾನ್‌ಗಳ ನಡುವೆ ಪರ್ಷಿಯಾ ಕೊಲ್ಲಿ ಚಾಚಿಕೊಂಡಿದೆ. ಅದು ಹೊರಗಣ ಸಮುದ್ರವನ್ನು ಕೂಡುವ ಬಾಯಿ ಬಹಳ ಇಕ್ಕಟ್ಟಾದುದು. ಅದೇ ಹೊರ್ಮುಜ್ ಜಲಸಂಧಿ. ಅತ್ಯಂತ ಕಿರಿದಾದ ಕಡೆ ಅದರ ಅಗಲ 40 ಕಿಲೋಮೀಟರಿಗೂ ಕಡಿಮೆ. ಈ ಜಲಸಂಧಿಯ ಉತ್ತರದಲ್ಲಿ, ಇರಾನಿನ ಕರಾವಳಿಗೆ ಸಮೀಪದಲ್ಲಿ, ಹೊರ್ಮುಜ್ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 42 ಚದರ ಕಿಲೋಮೀಟರು ಮಾತ್ರ. ಭೂಗರ್ಭದಿಂದ ಮೇಲಕ್ಕೆ ಒತ್ತಿಬಂದ ಉಪ್ಪಿನ ರಾಶಿಯೇ ಆ ದ್ವೀಪದ ಒಡಲು. ಅಲ್ಲಿಯ ಗುಡ್ಡಗಳಲ್ಲಿ ಬಿಳಿಯ ಉಪ್ಪೂ ಕೆಂಪು ಕಾವಿಮಣ್ಣೂ ಹೇರಳವಾಗಿವೆ. ಮಳೆ ಮಾತ್ರ ಅಪರೂಪ. ಬಿದ್ದ ಅಲ್ಪಸ್ವಲ್ಪ ಮಳೆಯನ್ನು ಜನರು ತೊಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಉಳಿದ ನೀರನ್ನು ನೆರೆಯ ಕೆಶ್ಮ್ ದ್ವೀಪದಿಂದಲೂ ಇರಾನಿನ ದಡದಿಂದಲೂ ದೋಣಿಗಳಲ್ಲಿ ತರಬೇಕಾಗಿತ್ತು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ, ಈ ಊರಿನಲ್ಲಿ ನೀರು ಬೆಲೆಯುಳ್ಳ ವಸ್ತುವೆಂದೂ ಉಪ್ಪಿನ ಕಲ್ಲಿನಿಂದ ದೀಪದ ಪೀಠಗಳನ್ನು ಮಾಡುತ್ತಿದ್ದರೆಂದೂ ಬರೆದಿದ್ದಾನೆ.

ಇಂತಹ ಬರಡು ನೆಲವನ್ನು ಜನರು ಆರಿಸಿಕೊಂಡುದೇಕೆ? ಹಳೆಯ ಹೊರ್ಮುಜ್ ಪಟ್ಟಣವು ದ್ವೀಪದಲ್ಲಿರಲಿಲ್ಲ; ಎದುರಿನ ಇರಾನಿನ ಕರಾವಳಿಯಲ್ಲಿತ್ತು. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಮಾರ್ಕೊ ಪೋಲೊ ಕಂಡುದು ಆ ಪಟ್ಟಣವನ್ನು. ಅಲ್ಲಿಯ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಬಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದು ಆತ ಹೇಳಿದ್ದಾನೆ. ಆ ಕಾಲಕ್ಕೆ ಮಂಗೋಲ ದಂಡುಗಳ ಸುಲಿಗೆ ಕರಾವಳಿಯವರೆಗೂ ಮುಟ್ಟತೊಡಗಿತು. ಆಗ, ಸುಮಾರು 1300ರಲ್ಲಿ, ಅರಸನೂ ವರ್ತಕರೂ ಪಟ್ಟಣವನ್ನು ತೊರೆದು ಜರೂನ್ ಎಂಬ ಈ ದ್ವೀಪಕ್ಕೆ ಬಂದು ನೆಲೆಸಿದರು. ಕುದುರೆಯೇರಿ ಬರುವ ಶತ್ರುವಿಗೆ ಸಮುದ್ರವೇ ಕಂದಕವಾಯಿತು. ಹಳೆಯ ಊರಿನ ಹೆಸರೇ ಹೊಸ ಊರಿಗೂ ದ್ವೀಪಕ್ಕೂ ನಿಂತಿತು.

ಕೊಲ್ಲಿಯ ಹೆಬ್ಬಾಗಿಲಲ್ಲಿದ್ದುದರಿಂದ ಒಳಗೆ ಹೋಗುವ, ಹೊರಗೆ ಬರುವ ಹಡಗುಗಳೆಲ್ಲ ಈ ದ್ವೀಪದ ಬಳಿಯೇ ಹಾಯಬೇಕಾಗಿತ್ತು. ಇದರ ಜೊತೆಗೆ ಗಾಳಿಯ ನಿಯಮವೂ ಕೂಡಿಕೊಂಡಿತು. ಅರಬ್ಬೀ ಸಮುದ್ರದಲ್ಲಿ ವರ್ಷದ ಒಂದು ಭಾಗದಲ್ಲಿ ನೈಋತ್ಯದಿಂದಲೂ ಇನ್ನೊಂದು ಭಾಗದಲ್ಲಿ ಈಶಾನ್ಯದಿಂದಲೂ ಗಾಳಿ ಬೀಸುತ್ತದೆ. ಹಾಯಿಹಡಗಿನ ವರ್ತಕನು ಅನುಕೂಲವಾದ ಗಾಳಿಗಾಗಿ ತಿಂಗಳುಗಟ್ಟಲೆ ಕಾಯಲೇಬೇಕು. ಹೀಗೆ ಕಾಯುವವರಿಗೆ ಸರಕಿಡಲು ಮಳಿಗೆ ಬೇಕು, ಕೊಳ್ಳಲು ಮಾರಲು ಪೇಟೆ ಬೇಕು. ಹೊರ್ಮುಜ್ ಇವೆರಡನ್ನೂ ಒದಗಿಸಿತು. ಭಾರತದ ಅಕ್ಕಿ, ಸಕ್ಕರೆ, ಮೆಣಸು, ಬಟ್ಟೆಗಳೂ ಬಹ್ರೇನಿನ ಮುತ್ತುಗಳೂ ಪರ್ಷಿಯಾದ ರೇಷ್ಮೆಯೂ ಇಲ್ಲಿ ಕೈಬದಲಾದವು. 15ನೆಯ ಶತಮಾನದ ಆದಿಭಾಗದಲ್ಲಿ ಚೀನಾದ ನಾವಿಕ ಜಂಗ್ ಹೆಯ ನೌಕಾಪಡೆಯೂ ಇಲ್ಲಿಗೆ ಬಂದಿತು. ಜಗತ್ತನ್ನು ಉಂಗುರಕ್ಕೂ ಹೊರ್ಮುಜನ್ನು ಅದರ ರತ್ನಕ್ಕೂ ಹೋಲಿಸುವ ಮಾತು ರೂಢಿಯಲ್ಲಿತ್ತು.

ಸ್ಥಳಬಲವೊಂದರಿಂದಲೇ ಈ ಏಳಿಗೆ ಬರಲಿಲ್ಲ. 1442ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಗೆ ಬಂದನು. ಈಜಿಪ್ಟ್, ಸಿರಿಯ, ಚೀನಾ, ಜಾವಾಗಳಿಂದಲೂ ವಿಜಯನಗರದ ರೇವುಗಳಿಂದಲೂ ಕಲಬುರಗಿಯ ನಾಡಿನಿಂದಲೂ ವರ್ತಕರು ಇಲ್ಲಿ ನೆರೆಯುತ್ತಿದ್ದರೆಂದು ಆತ ತಿಳಿಸುತ್ತಾನೆ. ಚಿನ್ನಬೆಳ್ಳಿಗಳ ಹೊರತು ಉಳಿದ ಸರಕಿಗೆ ಹತ್ತರಲ್ಲಿ ಒಂದು ಪಾಲು ಸುಂಕವಿತ್ತು. ನಾನಾ ಮತಗಳ ಜನರು ಅಲ್ಲಿದ್ದರೂ ಯಾರಿಗೂ ಅನ್ಯಾಯವಾಗದಂತೆ ನಡೆಸಿಕೊಳ್ಳುತ್ತಿದ್ದುದರಿಂದ ಆ ನಗರಕ್ಕೆ ‘ಅಭಯದ ಮನೆ’ ಎಂಬರ್ಥದ ಹೆಸರು ಬಂದಿತ್ತು. ಇದೇ ರಾಯಭಾರಿ ಮುಂದೆ ಕಲ್ಲಿಕೋಟೆ, ಮಂಗಳೂರುಗಳ ಮಾರ್ಗವಾಗಿ 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರವನ್ನು ಕಂಡನು.

ಕನ್ನಡ ನಾಡಿಗೂ ಹೊರ್ಮುಜಿಗೂ ಇದ್ದ ನಂಟಿನ ಮುಖ್ಯ ಕೊಂಡಿ ಕುದುರೆ. ದಕ್ಷಿಣದಲ್ಲಿ ಯುದ್ಧಕ್ಕೆ ತಕ್ಕ ಒಳ್ಳೆಯ ತಳಿಯ ಕುದುರೆಗಳು ಸಾಕಷ್ಟು ದೊರೆಯುತ್ತಿರಲಿಲ್ಲ. ಅರೇಬಿಯಾ, ಪರ್ಷಿಯಾಗಳ ಕುದುರೆಗಳು ಹೊರ್ಮುಜಿನಿಂದ ಭಟ್ಕಳ, ಗೋವೆ ಮುಂತಾದ ರೇವುಗಳಿಗೆ ಬಂದಿಳಿಯುತ್ತಿದ್ದವು. ಮರಳುವಾಗ ಹಡಗುಗಳು ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಒಯ್ಯುತ್ತಿದ್ದವು. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆಯನ್ನು ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ದೂರದ ವರ್ತಕನಿಗೆ ನಷ್ಟವಾಗದಿದ್ದರೆ ಮಾತ್ರ ಆತ ಮತ್ತೆ ಬರುತ್ತಾನೆಂಬುದನ್ನು ಆ ಅರಸನು ಬಲ್ಲವನಾಗಿದ್ದನು. ಹಂಪೆಯ ಮಹಾನವಮಿ ದಿಬ್ಬದ ಮೇಲೆ ಕುದುರೆಗಳೊಡನೆ ನಿಂತ ವಿದೇಶೀಯರ ಕೆತ್ತನೆಗಳನ್ನು ಇಂದಿಗೂ ನೋಡಬಹುದು.

ಸಂಪತ್ತು ಇದ್ದಲ್ಲಿಗೆ ಆಸೆಯ ಕಣ್ಣುಗಳೂ ತಿರುಗುತ್ತವೆ. 1507ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಹೊರ್ಮುಜಿನ ಮೇಲೆ ದಾಳಿ ಮಾಡಿ ಅರಸನಿಂದ ಕಪ್ಪವನ್ನು ಒಪ್ಪಿಸಿಕೊಂಡನು. 1515ರಲ್ಲಿ ಆತ ಮತ್ತೆ ಬಂದು ನಗರವನ್ನು ಸಂಪೂರ್ಣವಾಗಿ ತನ್ನ ಹಿಡಿತಕ್ಕೆ ತೆಗೆದುಕೊಂಡನು. ಅರಸನು ಹೆಸರಿಗೆ ಮಾತ್ರ ಉಳಿದನು; ಅಧಿಕಾರವು ಕೋಟೆಯೊಳಗಿದ್ದವರ ಪಾಲಾಯಿತು. ನೂರು ವರ್ಷ ಕಳೆದ ಮೇಲೆ ಪರ್ಷಿಯಾದ ಷಾ ಅಬ್ಬಾಸನ ಸೈನ್ಯವೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೂ ಕೂಡಿ ಪೋರ್ಚುಗೀಸರನ್ನು ಎದುರಿಸಿದವು. ಅವರು ಮೊದಲು ಹಿಡಿದುದು ಕುಡಿಯುವ ನೀರಿನ ಬಾವಿಗಳಿದ್ದ ಕೆಶ್ಮ್ ದ್ವೀಪವನ್ನು. ನೀರಿನ ಆಸರೆ ತಪ್ಪಿದ ಹೊರ್ಮುಜ್ 1622ರಲ್ಲಿ, ಕೆಲವು ವಾರಗಳ ಮುತ್ತಿಗೆಯ ಬಳಿಕ, ಶರಣಾಯಿತು. ಗೆದ್ದ ಷಾ ಅಬ್ಬಾಸನು ವ್ಯಾಪಾರವನ್ನು ಎದುರಿನ ದಡದ ರೇವಿಗೆ ತಿರುಗಿಸಿದನು. ಅದಕ್ಕೆ ಅವನ ಹೆಸರೇ ಬಂದು ‘ಬಂದರ್ ಅಬ್ಬಾಸ್’ ಎಂದಾಯಿತು. ವರ್ತಕರು ಹೊರಟುಹೋದರು, ಮಳಿಗೆಗಳು ಪಾಳುಬಿದ್ದವು.

ಇಂದು ಆ ದ್ವೀಪದಲ್ಲಿ ಒಂದು ಸಣ್ಣ ಊರೂ ಕೆಂಪುಕಲ್ಲಿನ ಹಾಳು ಕೋಟೆಯೂ ಇವೆ. ಜಲಸಂಧಿಯ ಮಹತ್ವ ಮಾತ್ರ ಕುಂದಲಿಲ್ಲ. 20ನೆಯ ಶತಮಾನದಲ್ಲಿ ಕೊಲ್ಲಿಯ ಸುತ್ತ ತೈಲ ದೊರೆತ ಮೇಲೆ ಕುದುರೆ ಮುತ್ತುಗಳು ಸಾಗಿದ ದಾರಿಯಲ್ಲೇ ಕಚ್ಚಾ ತೈಲದ ಬೃಹತ್ ಹಡಗುಗಳು ಸಾಗಿದವು. ಸಮುದ್ರ, ಗಾಳಿ, ದ್ವೀಪ ಯಾವುವೂ ಬದಲಾಗಲಿಲ್ಲ. ಆದರೂ ನಗರ ಅಳಿಯಿತು. ಪ್ರಕೃತಿಯು ಒಂದು ಸ್ಥಳಕ್ಕೆ ಬಾಗಿಲನ್ನಷ್ಟೇ ಕೊಡುತ್ತದೆ. ಆ ಬಾಗಿಲಿಗೆ ಜನರು ನಂಬಿಕೆಯಿಂದ ಬರುವಂತೆ ಮಾಡುವುದು ಅಲ್ಲಿಯವರ ನ್ಯಾಯವಾದ ನಡತೆ. ನೀರಿಲ್ಲದ ಉಪ್ಪಿನ ದಿಬ್ಬದ ಮೇಲೆ ಮುನ್ನೂರು ವರ್ಷ ಬೆಳಗಿದ ಹೊರ್ಮುಜಿನ ಕಥೆ ನಮಗೆ ತಿಳಿಸುವುದು ಇದನ್ನೇ.